ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಎಷ್ಟು ಬಿಗಿ ಇರಬೇಕು?

ಪ್ರಶ್ನೆ: ನಾವು ಟೆಕ್ಸಸ್‌ನ ಡಲ್ಲಾಸ್ ಹತ್ತಿರ ಇದ್ದೇವೆ. ನಮ್ಮದು ಫೋರ್ಡ್ ಎಫ್-150 ಪಿಕಪ್ ಟ್ರಕ್, ನಾಲ್ಕು ಬಾಗಿಲು, ಹಿಂದೆ ಸಾಮಾನು ಹಾಕುವ ಬೆಡ್ ಐದೂವರೆ ಅಡಿ. ಈ ವರ್ಷ 26 ಅಡಿಯ ಟ್ರಾವೆಲ್ ಟ್ರೈಲರ್ ಕೊಂಡೆವು. ಮಾರಿದವರೇ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ (ಟ್ರೈಲರ್ ಭಾರವನ್ನು ಎಲ್ಲ ಚಕ್ರಗಳಿಗೂ ಹಂಚುವ ಜೋಡಣೆ) ಹಾಕಿಕೊಟ್ಟರು. ಆದರೂ ಟ್ರೈಲರ್ ಕಟ್ಟಿದಾಗ ಟ್ರಕ್ಕಿನ ಹಿಂಭಾಗ ಇಳಿಯುತ್ತದೆ. ಒಬ್ಬ ಸ್ನೇಹಿತರು ಚೈನನ್ನು ಇನ್ನೊಂದು ಕೊಂಡಿ ಬಿಗಿ ಮಾಡಿ ಅನ್ನುತ್ತಾರೆ. ಇನ್ನೊಬ್ಬರು ಹಿಂದಿನ ಸ್ಪ್ರಿಂಗಿಗೆ ಆಸರೆಯಾಗಿ ಗಾಳಿ ತುಂಬುವ ಏರ್ ಬ್ಯಾಗ್ ಹಾಕಿಸಿ ಅನ್ನುತ್ತಾರೆ. ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಬರುತ್ತಾರೆ. ಮಗಳೂ ಸೇರಿ ಐದು ಜನ ಕೊಲೊರಾಡೊಗೆ ಹೋಗುವ ಯೋಚನೆ ಇದೆ. ಟ್ರಕ್ಕಿನ ಎಳೆಯುವ ಸಾಮರ್ಥ್ಯ 11,000 ಪೌಂಡ್, ಟ್ರೈಲರ್ ತುಂಬಿದರೂ 7,000 ದಾಟುವುದಿಲ್ಲ. ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ 1,560 ಪೌಂಡ್ ಅಂತ ಏನೋ ಬರೆದಿದೆ. ತೊಂದರೆ ಇರಬಾರದು ಅಲ್ವಾ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಏರ್ ಬ್ಯಾಗೂ ಬೇಡ, ಇನ್ನೊಂದು ಕೊಂಡಿ ಬಿಗಿ ಮಾಡುವುದೂ ಬೇಡ. ನಿಮ್ಮ ಇಬ್ಬರು ಸ್ನೇಹಿತರೂ ಟ್ರಕ್ಕಿನ ಹಿಂಭಾಗವನ್ನೇ ನೋಡುತ್ತಿದ್ದಾರೆ. ಈ ಹಿಚ್ ಇರುವುದು ಮುಂದಿನ ಚಕ್ರಗಳಿಗಾಗಿ. 800 ಪೌಂಡಿಗಿಂತ ಜಾಸ್ತಿ ಭಾರ ಬಾಲದ ಮೇಲೆ ಕೂತರೆ ಹಿಂಭಾಗ ಸ್ವಲ್ಪ ಇಳಿದೇ ಇಳಿಯುತ್ತದೆ. ಮುಂಭಾಗ ಎಷ್ಟು ಎದ್ದಿದೆ ಅನ್ನುವುದನ್ನು ನೋಡಬೇಕು. ಆ 1,560ರ ವಿಷಯ ಇನ್ನೂ ಮುಖ್ಯ. ಅದಕ್ಕೆ ಆಮೇಲೆ ಬರುತ್ತೇನೆ.

ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯದ ರಸ್ತೆಗಳಲ್ಲಿ ಓಡಾಡಿದವರು ಒಂದು ದೃಶ್ಯ ನೋಡಿರುತ್ತಾರೆ. ಲೋಡು ಜಾಸ್ತಿಯಾದ ಟ್ರ್ಯಾಕ್ಟರ್ ದಿಬ್ಬ ಹತ್ತುವಾಗ ಮುಂದಿನ ಚಕ್ರಗಳು ನೆಲ ಬಿಡುತ್ತವೆ. ಡ್ರೈವರ್ ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ನಿಮ್ಮ ಟ್ರಕ್ಕಿಗೂ ಆಗುತ್ತಿರುವುದು ಅದೇ, ಕಣ್ಣಿಗೆ ಅಷ್ಟಾಗಿ ಕಾಣದ ಮಟ್ಟದಲ್ಲಿ.

ಲೆಕ್ಕ ಸುಲಭ. ನಿಮ್ಮ ಟ್ರಕ್ಕಿನ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಸುಮಾರು 145 ಇಂಚು ಇದೆ. ಹಿಂದಿನ ಆಕ್ಸಲ್‌ನಿಂದ ಹಿಚ್‌ನ ಬಾಲ್‌ವರೆಗೆ (ಟ್ರೈಲರ್ ಮೂತಿ ಕೂರುವ ಗುಂಡು) ಸುಮಾರು 65 ಇಂಚು ಅಂದುಕೊಳ್ಳಿ. ಟ್ರೈಲರ್ ತುಂಬಿದಾಗ 6,600 ಪೌಂಡ್ ಇದ್ದು, ಅದರಲ್ಲಿ 13 ಶೇಕಡಾ ಬಾಲ್ ಮೇಲೆ ಕೂತರೆ ಟಂಗ್ ವೇಟ್ ಸುಮಾರು 860 ಪೌಂಡ್. ಈ ಭಾರ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಬೀಳುತ್ತದೆ. ಹಾಗಾಗಿ ಹಿಂದಿನ ಆಕ್ಸಲ್ಲೇ ಆಸರೆಯಾಗಿ ಮುಂಭಾಗ ಮೇಲೇಳುತ್ತದೆ. ಮುಂದಿನ ಚಕ್ರಗಳು ಸುಮಾರು 385 ಪೌಂಡ್ ಕಳೆದುಕೊಳ್ಳುತ್ತವೆ. ಆ 385 ಕೂಡ ಹಿಂದಕ್ಕೇ ಹೋಗುತ್ತದೆ. ಹಿಂದಿನ ಆಕ್ಸಲ್ ಮೇಲೆ 860 ಬದಲು 1,245 ಪೌಂಡ್ ಬೀಳುತ್ತದೆ.

ಮುಂದಿನ ಟೈರಿನ ಹಿಡಿತ ಕಡಿಮೆಯಾದರೆ ಏನಾಗುತ್ತದೆ ಅಂತ ನೇರ ಹೆದ್ದಾರಿಯಲ್ಲಿ ಗೊತ್ತಾಗುವುದಿಲ್ಲ. ಮಳೆಯಲ್ಲಿ ತಿರುವು ಬಂದಾಗ, ಮುಂದಿನ ಕಾರು ದಿಢೀರ್ ಬ್ರೇಕ್ ಹಾಕಿದಾಗ ಗೊತ್ತಾಗುತ್ತದೆ. ಸ್ಟೀರಿಂಗ್ ಹಗುರವಾಗಿರುತ್ತದೆ, ಗಾಡಿ ಹೇಳಿದ ಮಾತು ತಡವಾಗಿ ಕೇಳುತ್ತದೆ. ರಾತ್ರಿಯಾದರೆ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ವೇಟ್ ಡಿಸ್ಟ್ರಿಬ್ಯೂಷನ್ ಹಿಚ್‌ನಲ್ಲಿ ಎರಡು ಗಟ್ಟಿ ಸ್ಪ್ರಿಂಗ್ ಬಾರ್‌ಗಳಿವೆ, ನೋಡಿರುತ್ತೀರಿ. ಅವುಗಳ ಒಂದು ತುದಿ ಬಾಲ್ ಕೆಳಗಿನ ಹೆಡ್‌ಗೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ತುದಿಯನ್ನು ಚೈನ್‌ನಿಂದಲೋ ಬ್ರ್ಯಾಕೆಟ್‌ನಿಂದಲೋ ಟ್ರೈಲರ್ ಮೂತಿಯ ಫ್ರೇಮಿಗೆ ಎತ್ತಿ ಕಟ್ಟುತ್ತೇವೆ. ಬಾರ್ ಬಾಗುತ್ತದೆ. ಬಾಗಿದ ಬಾರ್ ನೆಟ್ಟಗಾಗಲು ನೋಡುತ್ತದೆ, ಆ ಒತ್ತಡ ಹಿಚ್ ಹೆಡ್ಡನ್ನು ತಿರುಚಿ ಟ್ರಕ್ಕಿನ ಬಾಲವನ್ನು ಮೇಲೆತ್ತುತ್ತದೆ, ಮೂತಿಯನ್ನು ಕೆಳಗೆ ಒತ್ತುತ್ತದೆ. ಮುಂದಿನ ಆಕ್ಸಲ್ ಕಳೆದುಕೊಂಡ ಭಾರದಲ್ಲಿ ಅರ್ಧ ವಾಪಸ್ ಬರುವಷ್ಟು ಬಿಗಿ ಮಾಡಿದರೆ ಮೇಲಿನ ಲೆಕ್ಕ ಹೀಗಾಗುತ್ತದೆ: ಮುಂದೆ 385ರ ಬದಲು 190 ಪೌಂಡ್ ಮಾತ್ರ ಕಮ್ಮಿ. ಹಿಂದಿನ ಆಕ್ಸಲ್ ಮೇಲೆ 1,245ರ ಬದಲು 945. ಉಳಿದ ಸುಮಾರು 105 ಪೌಂಡ್ ಟ್ರೈಲರ್‌ನ ಸ್ವಂತ ಚಕ್ರಗಳಿಗೆ ಹೋಗುತ್ತದೆ.

ಕೂಡಿ ನೋಡಿ. ಭಾರ ಎಲ್ಲೂ ಮಾಯವಾಗಿಲ್ಲ. ಬರೀ ಜಾಗ ಬದಲಿಸಿದೆ. ಟ್ರಕ್ಕಿನ ಮೇಲೆ ಇನ್ನೂ 755 ಪೌಂಡ್ ಕೂತಿದೆ.

ಏರ್ ಬ್ಯಾಗ್ ಯಾಕೆ ಬೇಡ ಅನ್ನುವುದು ಈಗ ಸ್ಪಷ್ಟ ಅಲ್ವಾ? ಅದು ಹಿಂದಿನ ಆಕ್ಸಲ್‌ಗೂ ಫ್ರೇಮಿಗೂ ನಡುವೆ ಕೂತು ಹಿಂಭಾಗವನ್ನು ಎತ್ತುತ್ತದೆ. ಮುಂದಿನ ಚಕ್ರಗಳಿಗೆ ಭಾರ ವಾಪಸ್ ಕೊಡುವುದಿಲ್ಲ. ಟ್ರಕ್ ಮಟ್ಟಸವಾಗಿ ಚೆನ್ನಾಗಿ ಕಾಣುತ್ತದೆ, ಮುಂದೆ ಅದೇ 385 ಪೌಂಡ್ ಕಮ್ಮಿ. ನನಗೆ ಇದು ಇಳಿದ ಬಾಲಕ್ಕಿಂತ ಹೆಚ್ಚು ಅಪಾಯ ಅನಿಸುತ್ತದೆ. ಇಳಿದ ಬಾಲ ಕನಿಷ್ಠ ಎಚ್ಚರಿಕೆಯನ್ನಾದರೂ ಕೊಡುತ್ತದೆ.

ಇನ್ನು ಇನ್ನೊಂದು ಕೊಂಡಿಯ ಸಲಹೆ. ಬಿಗಿ ಮಾಡಿದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಬಹಳ ಜನರಲ್ಲಿದೆ. ಮುಂದಿನ ಭಾರವನ್ನು ಪೂರ್ತಿ ವಾಪಸ್ ತರಬೇಕು, ಟ್ರಕ್ ಎಲ್ಲ ಕಡೆ ಸಮನಾಗಿ ಕೂರಬೇಕು ಅನ್ನುವುದು ಹಳೆಯ ಪದ್ಧತಿ. ಫೋರ್ಡ್ ಇತ್ತೀಚಿನ ಎಫ್-150 ಕೈಪಿಡಿಗಳಲ್ಲಿ ಅರ್ಧದಷ್ಟು ಸಾಕು ಅನ್ನುತ್ತದೆ. ಇದಕ್ಕೆ ಕಾರಣವಿದೆ. ಬಾರ್ ಅತಿಯಾಗಿ ಬಿಗಿಯಾದರೆ ಹಿಂದಿನ ಟೈರುಗಳ ಮೇಲಿನ ಭಾರ ಇಳಿಯುತ್ತದೆ. ಆದರೆ ಟ್ರೈಲರ್ ಪಕ್ಕಕ್ಕೆ ತಳ್ಳುವುದು ಆ ಹಿಂದಿನ ಟೈರುಗಳನ್ನೇ. ತಿರುವಿನಲ್ಲಿ ದಿಢೀರ್ ಸ್ಟೀರಿಂಗ್ ಎಳೆದರೆ ಹಿಂಭಾಗ ಜಾರಿ, ಟ್ರಕ್ಕೂ ಟ್ರೈಲರೂ ಚಾಕುವಿನಂತೆ ಮಡಚಿಕೊಳ್ಳಬಹುದು. ಮುಂಭಾಗ ಹಗುರವಾದರೆ ಗಾಡಿ ತಿರುಗಲು ಒಪ್ಪುವುದಿಲ್ಲ. ಹಿಂಭಾಗ ಹಗುರವಾದರೆ ಬೇಕಾದ್ದಕ್ಕಿಂತ ಜಾಸ್ತಿ ತಿರುಗಿಬಿಡುತ್ತದೆ. ಎರಡನೆಯದನ್ನು ಸರಿಪಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಬೇರೆ ಕಂಪನಿ, ಬೇರೆ ಮಾಡೆಲ್‌ಗಳ ಕೈಪಿಡಿಯಲ್ಲಿ ಬೇರೆ ಅಂಕಿ ಇರಬಹುದು. ನಿಮ್ಮ ಟ್ರಕ್ಕಿನದನ್ನೇ ಓದಿ ಅನುಸರಿಸಿ.

ಇದನ್ನು ಮನೆಯಲ್ಲೇ ಅಳೆಯಬಹುದು, ಒಂದು ಟೇಪ್ ಸಾಕು. ಸಮತಟ್ಟಾದ ಜಾಗದಲ್ಲಿ, ಪ್ರಯಾಣಕ್ಕೆ ಹೊರಟಂತೆ ಎಲ್ಲ ತುಂಬಿಕೊಂಡು, ಟ್ರೈಲರ್ ಕಟ್ಟದೆ ಮುಂದಿನ ಚಕ್ರದ ನಡುವಿನ ನೇರಕ್ಕೆ ನೆಲದಿಂದ ಫೆಂಡರ್ (ಚಕ್ರದ ಮೇಲಿನ ಕಮಾನು) ಅಂಚಿನವರೆಗೆ ಅಳೆಯಿರಿ. 38 ಇಂಚು ಬಂತು ಅಂದುಕೊಳ್ಳೋಣ. ಟ್ರೈಲರ್ ಕಟ್ಟಿ, ಬಾರ್ ಹಾಕದೆ ಮತ್ತೆ ಅಳೆಯಿರಿ. 39 ಬಂತು. ಬಾರ್ ಹಾಕಿದ ಮೇಲೆ ಸುಮಾರು ಮೂವತ್ತೆಂಟೂವರೆ ಬರಬೇಕು. 38ಕ್ಕಿಂತ ಕೆಳಗೆ ಇಳಿದರೆ ಖಂಡಿತ ಬಿಗಿ ಜಾಸ್ತಿಯಾಗಿದೆ. ಈಗಾಗಲೇ ಮೂವತ್ತೆಂಟೂವರೆ ಇದ್ದರೆ, ಹಿಂಭಾಗ ಇಳಿದಿದ್ದರೂ ಚೈನ್ ಮುಟ್ಟಬೇಡಿ.

ಬಿಗಿ ಸಾಲದಿದ್ದರೆ ಮೊದಲು ಹಿಚ್ ಹೆಡ್‌ನ ಕೋನ ಬದಲಿಸುವುದು ಒಳ್ಳೆಯದು. ಬಹಳಷ್ಟು ಹಿಚ್‌ಗಳಲ್ಲಿ ಇದಕ್ಕೆ ವಾಷರ್‌ಗಳೋ ಹಲ್ಲುಗಳೋ ಇರುತ್ತವೆ. ಹೆಡ್ ಟ್ರೈಲರ್ ಕಡೆಗೆ ಬಾಗಿದಷ್ಟೂ ಬಾರ್‌ಗಳ ತುದಿ ಕೆಳಗಿನಿಂದ ಶುರುವಾಗುತ್ತದೆ, ಎತ್ತಿ ಕಟ್ಟಿದಾಗ ಹೆಚ್ಚು ಬಾಗುತ್ತದೆ. ಬರೀ ಚೈನನ್ನೇ ಗಿಡ್ಡ ಮಾಡುತ್ತಾ ಹೋದರೆ ಕಡಿದಾದ ತಿರುವಿನಲ್ಲಿ ಬಾರ್ ಆಡಲು ಜಾಗ ಸಿಗದೆ ಚೈನ್ ಜಗ್ಗಿಕೊಳ್ಳುತ್ತದೆ. ಮಾರಿದವರು ಖಾಲಿ ಟ್ರೈಲರ್‌ಗೆ ಹೊಂದಿಸಿ ಕೊಟ್ಟಿರುತ್ತಾರೆ. ನೀವು ಪಾತ್ರೆ, ಅಕ್ಕಿ, ಹಾಸಿಗೆ ಎಲ್ಲ ತುಂಬಿದ ಮೇಲೆ ಅದು ಹೊಂದುವುದು ಕಷ್ಟ. ಅವರ ತಪ್ಪು ಅಂತಲ್ಲ, ತುಂಬಿದ ಟ್ರೈಲರನ್ನು ಅವರು ನೋಡಿಯೇ ಇಲ್ಲ.

ಈಗ ಆ 1,560. ಈ ಉತ್ತರದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನೇ ನೆನಪಿಡಿ. ಡ್ರೈವರ್ ಬಾಗಿಲಿನ ಕಂಬದ ಮೇಲಿನ ಹಳದಿ-ಬಿಳಿ ಸ್ಟಿಕ್ಕರಿನಲ್ಲಿ ಇರುವುದು ಪೇಲೋಡ್, ಅಂದರೆ ಟ್ರಕ್ ತನ್ನ ಮೈಮೇಲೆ ಹೊರಬಹುದಾದ ಭಾರ. ಜನ, ಸಾಮಾನು, ಹಿಚ್, ಟ್ರೈಲರ್‌ನ ಟಂಗ್ ವೇಟ್, ಎಲ್ಲ ಸೇರಿ ಅಷ್ಟರೊಳಗೆ ಇರಬೇಕು. 11,000 ಪೌಂಡ್ ಎಳೆಯುತ್ತದೆ ಅನ್ನುವ ಜಾಹೀರಾತಿನ ಅಂಕಿ ವಾಹನ ಎಂಜಿನಿಯರ್‌ಗಳ ಎಸ್ಎಇ ಸಂಸ್ಥೆಯ ಜೆ2807 ಮಾನದಂಡದ ಪ್ರಕಾರ ಬಂದದ್ದು. ಅದರಲ್ಲಿ ಟ್ರಕ್ಕಿನೊಳಗೆ ತಲಾ 150 ಪೌಂಡಿನ ಇಬ್ಬರು ಮಾತ್ರ ಇರುತ್ತಾರೆ, ಟಂಗ್ ವೇಟ್ ಬರೀ 10 ಶೇಕಡಾ. ಐದು ಜನರ ಸಂಸಾರ ಆ ಲೆಕ್ಕದಲ್ಲಿ ಇಲ್ಲ.

ನಿಮ್ಮ ಲೆಕ್ಕ ಮಾಡೋಣ. ಐದು ಜನ ಸೇರಿ ಸುಮಾರು 700 ಪೌಂಡ್. ಟಂಗ್ ವೇಟ್ 860. ಹಿಚ್ಚೇ 80 ಪೌಂಡ್ ತೂಗುತ್ತದೆ. ಒಟ್ಟು 1,640. ಬೆಡ್‌ಗೆ ಒಂದು ಕೂಲರ್ ಕೂಡ ಇಡುವ ಮೊದಲೇ 80 ಪೌಂಡ್ ಮೀರಿತು. ಬಾರ್‌ಗಳು 105 ಪೌಂಡನ್ನು ಟ್ರೈಲರ್ ಚಕ್ರಗಳಿಗೆ ದಾಟಿಸುತ್ತವಲ್ಲ, ಅದನ್ನು ಕಳೆದರೆ 25 ಪೌಂಡ್ ಉಳಿಯುತ್ತದೆ ಅಂತ ಕೆಲವರು ವಾದಿಸುತ್ತಾರೆ. ತಕ್ಕಡಿಯಲ್ಲಿ ಅದು ನಿಜವೇ. ಆದರೆ ಅಮ್ಮನ ಒಂದು ಸೂಟ್‌ಕೇಸಿನಲ್ಲಿ ಆ 25 ಮುಗಿದುಹೋಗುತ್ತದೆ. ಅಷ್ಟು ಅಂಚಿನಲ್ಲಿ ಪ್ರಯಾಣ ಮಾಡಬೇಡಿ.

ಟ್ರೈಲರ್ ಕಂಪನಿಯ ಬ್ರೋಷರ್‌ನಲ್ಲಿ ಹಿಚ್ ವೇಟ್ 600 ಚಿಲ್ಲರೆ ಅಂತ ಇರಬಹುದು. ಅದು ಖಾಲಿ ಟ್ರೈಲರ್‌ನದು. ತುಂಬಿದ ಎರಡು ಸಣ್ಣ ಪ್ರೊಪೇನ್ ಸಿಲಿಂಡರ್ ಸುಮಾರು 75 ಪೌಂಡ್, ಒಂದೊಂದು ಬ್ಯಾಟರಿ ಸುಮಾರು 50. ಇವೆಲ್ಲ ಮೂತಿಯ ಮೇಲೇ ಕೂರುತ್ತವೆ. ಬಹಳ ಟ್ರೈಲರ್‌ಗಳಲ್ಲಿ ಸಾಮಾನು ತುಂಬುವ ದೊಡ್ಡ ಗೂಡೂ ಮುಂದೆಯೇ ಇರುತ್ತದೆ. ಹಾಗಾಗಿ ಟಂಗ್ ವೇಟ್ ಏರುತ್ತಲೇ ಹೋಗುತ್ತದೆ.

ಹಾಗಾದರೆ ಭಾರ ಎಲ್ಲಿ ಇಳಿಸುವುದು? ಮೊದಲು ನೀರಿನ ಟ್ಯಾಂಕ್ ನೋಡಿ. ಒಂದು ಗ್ಯಾಲನ್ ನೀರು 8 ಪೌಂಡಿಗಿಂತ ಸ್ವಲ್ಪ ಜಾಸ್ತಿ. 40 ಗ್ಯಾಲನ್ ಟ್ಯಾಂಕ್ ತುಂಬಿದರೆ 330 ಪೌಂಡ್. ಟ್ಯಾಂಕ್ ಟ್ರೈಲರ್ ಆಕ್ಸಲ್‌ಗಳ ಮುಂದಿದ್ದರೆ ಖಾಲಿ ಮಾಡಿಕೊಂಡು ಹೋಗಿ, ಕ್ಯಾಂಪ್‌ಗ್ರೌಂಡಿನಲ್ಲಿ ತುಂಬಿಸಿ. ಆಕ್ಸಲ್‌ಗಳ ಹಿಂದಿದ್ದರೆ ಲೆಕ್ಕ ತಿರುಗುಮುರುಗು: ತುಂಬಿದ ಟ್ಯಾಂಕ್ ಟಂಗ್ ವೇಟ್ ಇಳಿಸುತ್ತದೆ, ಆದರೆ ಅದು ಬೇರೆ ಅಪಾಯ ತರುತ್ತದೆ. ಬೆಡ್‌ನಲ್ಲಿ ಇಡುವ ಭಾರದ ಸಾಮಾನು, ಜನರೇಟರು, ಮಿಕ್ಸಿ, ನೀರಿನ ಕ್ಯಾನು, ಇವನ್ನು ಟ್ರೈಲರ್ ಒಳಗೆ ಅದರ ಚಕ್ರಗಳ ನೇರಕ್ಕೆ ಇಡಿ. ಟ್ರೈಲರ್ ಹಿಂಬದಿಯ ಸೈಕಲ್ ಸ್ಟ್ಯಾಂಡಿಗೆ ಭಾರ ಏರಿಸಿ ಸಮತೋಲ ತರುತ್ತೇನೆ ಅನ್ನುವ ಉಪಾಯ ಮಾತ್ರ ಬೇಡವೇ ಬೇಡ.

ಯಾಕೆ ಅಂದರೆ ಟ್ರೈಲರ್ ಬಾಲ ಬೀಸುವುದು, ಇಲ್ಲಿನವರು ಸ್ವೇ ಅನ್ನುತ್ತಾರಲ್ಲ, ಅದು ಶುರುವಾಗುವುದೇ ಹೀಗೆ. ಟಂಗ್ ವೇಟ್ ಟ್ರೈಲರ್ ತೂಕದ 10 ಶೇಕಡಾಗಿಂತ ಕಡಿಮೆಯಾದಂತೆ ಟ್ರೈಲರ್ ಸ್ಥಿರತೆ ಕಳೆದುಕೊಳ್ಳುತ್ತದೆ. 10ರಿಂದ 15ರ ನಡುವೆ ಇರಬೇಕು. ನಾನಾದರೆ 12ರಿಂದ 13 ಇಟ್ಟುಕೊಳ್ಳುತ್ತೇನೆ. ಪೇಲೋಡ್ ಉಳಿಸಲು ಮೂತಿ ಹಗುರ ಮಾಡುವುದು ಒಂದು ತೊಂದರೆ ಬಿಟ್ಟು ಅದಕ್ಕಿಂತ ದೊಡ್ಡದನ್ನು ತಂದುಕೊಂಡ ಹಾಗೆ.

ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಇದ್ದರೆ ಸ್ವೇ ಬರುವುದಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಎರಡೂ ಬೇರೆ ಬೇರೆ ಕೆಲಸ. ಬಾರ್‌ಗಳು ಭಾರ ಹಂಚುತ್ತವೆ ಅಷ್ಟೇ. ಪಕ್ಕದ ಆಟ ತಡೆಯಲು ತಿಕ್ಕಾಟದ ಬಲ ಬೇಕು. ಈಕ್ವಲೈಜರ್ ಬ್ರ್ಯಾಂಡಿನಂಥ ಹಿಚ್‌ಗಳಲ್ಲಿ ಬಾರ್‌ಗಳು ಬ್ರ್ಯಾಕೆಟ್ ಮೇಲೆ ಬಿಗಿಯಾಗಿ ಕೂತು ತಿಕ್ಕುತ್ತವೆ, ಹಾಗಾಗಿ ಎರಡೂ ಕೆಲಸ ಒಂದರಲ್ಲೇ ಆಗುತ್ತದೆ. ತಿರುವಿನಲ್ಲಿ ಅದು ಕಿರ್ ಅಂತ ನರಳಿದರೆ ಹೆದರಬೇಡಿ. ಸುಮ್ನೆ ಗ್ರೀಸ್ ಹಚ್ಚಿ ಸದ್ದು ನಿಲ್ಲಿಸಬೇಡಿ, ಎಲ್ಲಿ ಹಚ್ಚಬೇಕು ಎಲ್ಲಿ ಹಚ್ಚಬಾರದು ಅನ್ನುವುದು ಹಿಚ್ ಜೊತೆ ಬಂದ ಪುಸ್ತಕದಲ್ಲಿದೆ. ಬರೀ ಚೈನ್ ಇರುವ ಮಾದರಿಯಲ್ಲಿ ಸ್ವೇ ತಡೆಯುವ ಶಕ್ತಿ ಕಡಿಮೆ. ಅದಕ್ಕೆ ಪಕ್ಕದಲ್ಲಿ ಬೇರೆ ಫ್ರಿಕ್ಷನ್ ಬಾರ್ ಬೇಕಾಗುತ್ತದೆ. ನಿಮ್ಮದು ಚೈನ್ ಮಾದರಿ ಅಂದಿದ್ದೀರಿ. ಆ ಬಾರ್ ಇದೆಯೋ ಇಲ್ಲವೋ ಹೋಗಿ ನೋಡಿ. ಇದ್ದರೆ ರಿವರ್ಸ್ ತೆಗೆದುಕೊಳ್ಳುವ ಮೊದಲು ಅದನ್ನು ಬಿಚ್ಚಬೇಕೇ ಅಂತಲೂ ಪುಸ್ತಕ ನೋಡಿ, ಬಹಳ ಮಾದರಿಗಳಲ್ಲಿ ಬಿಚ್ಚಲೇಬೇಕು, ಇಲ್ಲವಾದರೆ ಬಾಗುತ್ತದೆ.

ನಿಮ್ಮ ದಾರಿಗೆ ಇದು ಇನ್ನೂ ಮುಖ್ಯ. ಕೊಲೊರಾಡೊಗೆ ನೀವು ಯುಎಸ್-287 ಹಿಡಿದು ಅಮರಿಲ್ಲೊ ದಾಟಿ, ಡಾಲ್ಹಾರ್ಟ್, ಕ್ಲೇಟನ್ ಮೇಲೆ ರಟೋನ್‌ಗೆ ಹೋಗುವುದು ಹೆಚ್ಚು. ಆ ಬಯಲಿನ ಬಹುಭಾಗದಲ್ಲಿ ಗಾಳಿಗೆ ಅಡ್ಡವಾಗಿ ಗುಡ್ಡಗಳೇ ಇಲ್ಲ. 26 ಅಡಿ ಟ್ರೈಲರ್‌ನ ಪಕ್ಕದ ಗೋಡೆ ಗಾಳಿಗೆ ಹಾಯಿಯಂತೆ ಸಿಗುತ್ತದೆ. ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ ಮೊದಲು ದೂಡುತ್ತದೆ, ಆಮೇಲೆ ಎಳೆಯುತ್ತದೆ. ಬೋರ್ಡಿನಲ್ಲಿ 75 ಮೈಲಿ ಅಂತಿದ್ದರೂ 60ರಿಂದ 65ರಲ್ಲಿ ಇರಿ. ಸ್ವೇಗೆ ವೇಗವೇ ಆಹಾರ. ಟ್ರೈಲರ್ ಟೈರುಗಳನ್ನೂ ನೋಡಿಕೊಳ್ಳಿ, ಟ್ರೈಲರ್‌ಗೆಂದೇ ಮಾಡಿದ ಕೆಲವು ಎಸ್‌ಟಿ ಟೈರುಗಳು 65 ಮೈಲಿ ವೇಗಕ್ಕೆ ಮಾತ್ರ ಮಾಡಿದವು.

ಬೀಸಲು ಶುರುವಾದರೆ ಟ್ರಕ್ಕಿನ ಬ್ರೇಕ್ ಒತ್ತಬೇಡಿ. ಸ್ಟೀರಿಂಗ್ ಅತ್ತಿತ್ತ ಎಳೆದು ಸರಿಮಾಡಲು ಹೋಗಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೀರಿಂಗ್ ನೇರ ಹಿಡಿಯಿರಿ, ಡ್ಯಾಶ್‌ಬೋರ್ಡಿನ ಟ್ರೈಲರ್ ಬ್ರೇಕ್ ಕಂಟ್ರೋಲರ್ ಅನ್ನು ಕೈಯಿಂದ ನಿಧಾನಕ್ಕೆ ಒತ್ತಿ. ಟ್ರೈಲರ್ ಮಾತ್ರ ಬ್ರೇಕ್ ಹಿಡಿದರೆ ಅದು ಹಿಂದಕ್ಕೆ ಜಗ್ಗಿ ತಾನಾಗಿ ನೆಟ್ಟಗಾಗುತ್ತದೆ. ಕಣ್ಣು ರಸ್ತೆ ಬಿಡದೆ ಕೈ ಆ ಗುಂಡಿಗೆ ಹೋಗಬೇಕು. ಭಾನುವಾರ ಬೆಳಗ್ಗೆ ಯಾವುದಾದರೂ ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ ಅಭ್ಯಾಸ ಮಾಡಿ. ನಿಮ್ಮವರು ಓಡಿಸುವುದಾದರೆ ಅವರೂ ಮಾಡಲಿ.

ಇನ್ನು ತೂಗುವ ಕೆಲಸ. ಇದಕ್ಕೆ ಊರಿನಂತೆ ಇಲ್ಲೂ ವೇ ಬ್ರಿಡ್ಜ್ ಇದೆ. ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಬೋರ್ಡ್ ಕಾಣುತ್ತದೆ. ಬೇರೆ ಬೇರೆ ಹಲಗೆಗಳಿರುತ್ತವೆ: ಮುಂದಿನ ಆಕ್ಸಲ್ ಒಂದರ ಮೇಲೆ, ಹಿಂದಿನದು ಇನ್ನೊಂದರ ಮೇಲೆ, ಟ್ರೈಲರ್ ಚಕ್ರಗಳು ಮೂರನೆಯದರ ಮೇಲೆ ನಿಲ್ಲಬೇಕು. ಪೆಟ್ರೋಲ್ ತುಂಬಿಸಿಕೊಂಡು, ಮನೆಯವರೆಲ್ಲ ಕೂತುಕೊಂಡು ಹೋಗಿ. ಮೂರು ಸಲ ತೂಗಿಸಿ: ಬಾರ್ ಹಾಕಿ ಒಮ್ಮೆ, ಬಾರ್ ಬಿಚ್ಚಿ ಒಮ್ಮೆ, ಟ್ರೈಲರ್ ಪಕ್ಕಕ್ಕೆ ನಿಲ್ಲಿಸಿ ಟ್ರಕ್ಕನ್ನು ಮಾತ್ರ ಒಮ್ಮೆ. ಕೊನೆಯ ಸಲವೂ ಹಿಚ್ ಹೆಡ್ ಟ್ರಕ್ಕಿನಲ್ಲೇ ಇರಲಿ.

ಚೀಟಿ ಹೀಗೆ ಬಂತು ಅಂದುಕೊಳ್ಳಿ. ಟ್ರಕ್ ಮಾತ್ರ: ಮುಂದೆ 3,200, ಹಿಂದೆ 2,800. ಬಾರ್ ಇಲ್ಲದೆ ಟ್ರೈಲರ್ ಕಟ್ಟಿದಾಗ: ಮುಂದೆ 2,815, ಹಿಂದೆ 4,045. ಟ್ರಕ್ಕಿನ ಒಟ್ಟು 6,000ದಿಂದ 6,860ಕ್ಕೆ ಏರಿತು, ಆ 860 ನಿಮ್ಮ ನಿಜವಾದ ಟಂಗ್ ವೇಟ್. ಬಾರ್ ಹಾಕಿದಾಗ: ಮುಂದೆ 3,010, ಹಿಂದೆ 3,745. ಮುಂದೆ ಕಳೆದದ್ದು 385, ವಾಪಸ್ ಬಂದದ್ದು 195. ಅರ್ಧ, ಬೇಕಾದಷ್ಟೇ. ಸ್ಟಿಕ್ಕರಿನಲ್ಲಿ ಹಿಂದಿನ ಆಕ್ಸಲ್‌ನ ಮಿತಿ 3,800 ಇದ್ದರೆ, ಬಾರ್ ಇಲ್ಲದೆ ನೀವು ಅದನ್ನು ಮೀರಿದ್ದಿರಿ, ಬಾರ್ ಹಾಕಿ ಒಳಗೆ ಬಂದಿರಿ. ಹಿಚ್ ಮಾಡುವ ಕೆಲಸ ಏನು ಅಂತ ಈ ಮೂರು ಚೀಟಿಯಷ್ಟು ಚೆನ್ನಾಗಿ ಯಾವ ವೀಡಿಯೊ ಕೂಡ ತೋರಿಸುವುದಿಲ್ಲ. ಟ್ರಕ್ಕಿನ ಕೆಳಗಿನ ರಿಸೀವರ್ (ಹಿಚ್ ತೂರಿಸುವ ಚೌಕ ಕೊಳವೆ) ಮೇಲೂ ಒಂದು ಲೇಬಲ್ ಇದೆ. ಅದರಲ್ಲಿ ಎರಡು ಮಿತಿ ಇರುತ್ತವೆ, ಈ ಹಿಚ್ ಇಲ್ಲದೆ ಒಂದು, ಇದ್ದರೆ ಇನ್ನೊಂದು. ಎಫ್-150ಯಲ್ಲಿ ಹಿಚ್ ಇಲ್ಲದ ಮಿತಿ ಸಾಮಾನ್ಯವಾಗಿ 5,000 ಪೌಂಡ್ ಟ್ರೈಲರ್, 500 ಪೌಂಡ್ ಟಂಗ್. ನಿಮ್ಮ ಟ್ರೈಲರ್‌ಗೆ ಬಾರ್ ಇಲ್ಲದೆ ಹೋಗುವ ಮಾತೇ ಇಲ್ಲ.

ಬಾರ್ ಹಾಕುವಾಗ, ಬಿಚ್ಚುವಾಗ ಒಂದು ಎಚ್ಚರ. ಟ್ರೈಲರ್ ಮೂತಿಯನ್ನು ಬಾಲ್‌ಗೆ ಕಟ್ಟಿದ ಮೇಲೆ ಜ್ಯಾಕ್‌ನಿಂದ ಟ್ರಕ್ಕಿನ ಬಾಲವೂ ಸೇರಿ ಮೇಲೆತ್ತಿ. ಬಾರ್ ಮೇಲಿನ ಒತ್ತಡ ಇಳಿಯುತ್ತದೆ, ಕೈಯಲ್ಲೇ ಸುಲಭವಾಗಿ ಕೂರುತ್ತದೆ. ಹಾಗೆ ಎತ್ತದೆ ಪೈಪು ಹಾಕಿ ಬಲವಂತ ಮಾಡುವವರನ್ನು ನೋಡಿದ್ದೇನೆ. ಆ ಪೈಪು ಜಾರಿದರೆ ದವಡೆಗೆ ಬಡಿಯುತ್ತದೆ. ಬಾರ್‌ಗಳಿಗೂ ರೇಟಿಂಗ್ ಇದೆ, 600, 800, 1,000, 1,200 ಹೀಗೆ. 860 ಟಂಗ್ ವೇಟ್‌ಗೆ, ಬೆಡ್‌ನಲ್ಲಿ ಆಕ್ಸಲ್‌ನ ಹಿಂದೆ ಇಡುವ ಸಾಮಾನೂ ಸೇರಿಸಿದರೆ, 1,000ದ ಬಾರ್ ಸರಿ. 1,200 ಹಾಕಿದರೆ ಸವಾರಿ ಗಡಸಾಗುತ್ತದೆ, ಲಾಭವಿಲ್ಲ.

ಕೊನೆಗೆ ಪ್ರಯಾಣದ ಮಾತು. ನನ್ನ ಸಲಹೆ ನೇರ: ಮನೆಯಲ್ಲಿ ಎರಡನೇ ಕಾರಿದ್ದರೆ ಅದನ್ನೂ ತೆಗೆದುಕೊಳ್ಳಿ. ಅಪ್ಪ ಅಮ್ಮ ಅದರಲ್ಲಿ ಬರಲಿ, ಅವರ ಸೂಟ್‌ಕೇಸ್‌ಗಳೂ ಅದರಲ್ಲೇ ಇರಲಿ. ಟ್ರಕ್ಕಿನಿಂದ 300 ಪೌಂಡ್ ಆಸುಪಾಸು ಇಳಿಯುತ್ತದೆ, ಪೇಲೋಡ್‌ನಲ್ಲಿ ಉಸಿರಾಡಲು ಜಾಗ ಸಿಗುತ್ತದೆ. ವಯಸ್ಸಾದವರಿಗೆ ಕಾಲು ಚಾಚಿ ಕೂರಲೂ ಅನುಕೂಲ, ಕ್ಯಾಂಪ್‌ನಿಂದ ಸುತ್ತಾಡಲು ಟ್ರೈಲರ್ ಬಿಚ್ಚುವ ಕೆಲಸವೂ ತಪ್ಪುತ್ತದೆ. ಎರಡನೇ ಕಾರು ಆಗದು ಅಂದರೆ, ಈ ಒಂದು ಪ್ರಯಾಣಕ್ಕೆ ಟ್ರೈಲರ್ ಮನೆಯಲ್ಲೇ ಬಿಟ್ಟು ಕ್ಯಾಬಿನ್ ಬಾಡಿಗೆ ಹಿಡಿಯಿರಿ. ಪ್ರತಿ ಸಲವೂ ಐದು ಜನ ಹೋಗುವುದು ಖಚಿತವಾದರೆ ಮಾತ್ರ ಎಫ್-250ಯಂಥ ದೊಡ್ಡ ಟ್ರಕ್ಕಿನ ಯೋಚನೆ ಮಾಡಿ.

ಅವರು ಬರುವ ಮೊದಲೇ ಒಂದು ಶನಿವಾರ ತೂಗಿಸಿಬಿಡಿ. ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ ಅನ್ನುವುದು ಬದಲಾದರೆ ಫೆಂಡರ್ ಅಳತೆಯೂ ಬದಲಾಗುತ್ತದೆ, ಅದನ್ನು ಹೊರಡುವ ಹಿಂದಿನ ದಿನ ಟೇಪ್ ಹಿಡಿದು ಇನ್ನೊಮ್ಮೆ ನೋಡಿ. ಮೂರು ಚೀಟಿಯ ಅಂಕಿಗಳು, ಫೆಂಡರಿನ ಮೂರು ಅಳತೆ, ಹಿಚ್ ಹೆಡ್ಡನ್ನು ಪಕ್ಕದಿಂದ ತೆಗೆದ ಒಂದು ಫೋಟೋ ಕಳಿಸಿದರೆ, ಹೆಡ್ ಕೋನ ಎಷ್ಟು ಬದಲಿಸಬೇಕು, ಚೈನ್ ಯಾವ ಕೊಂಡಿಯಲ್ಲಿ ಇರಬೇಕು ಅಂತ ನಿಮ್ಮ ಗಾಡಿಯ ಲೆಕ್ಕದಲ್ಲೇ ಹೇಳುತ್ತೇನೆ.